ವಿಲ್ಲೆಮ್ ಕೋಲ್ಫ್

ವಿಲ್ಲೆಮ್ ಯೋಹಾನ್ ಕೋಲ್ಫ್ (ಫೆಬ್ರವರಿ 14, 1911 – ಫೆಬ್ರವರಿ 11, 2009) ಅವರು ನೆದರ್ಲೆಂಡ್ಸ್‌ನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ಹಾಗೂ ಸಂಶೋಧಕ. ಕೆಟ್ಟುಹೋದ ಮೂತ್ರಪಿಂಡದ ಕೆಲಸವನ್ನು ದೇಹದ ಹೊರಗೆ ಮಾಡಿ ಮುಗಿಸುವ, ಮನುಷ್ಯರ ಚಿಕಿತ್ಸೆಗೆ ನಿಜವಾಗಿಯೂ ಒದಗಿದ ಮೊದಲ ಡಯಾಲಿಸಿಸ್ ಯಂತ್ರವನ್ನು ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿರ್ಮಿಸಿದರು. ಈ ಯಂತ್ರದಿಂದ ಜೀವ ಉಳಿಸಿಕೊಂಡ ಮೊದಲ ರೋಗಿ 67 ವರ್ಷದ ವೃದ್ಧೆ. ಆದರೂ ಮುಂದೆ ಹಲವು ವರ್ಷಗಳ ಕಾಲ ವಯಸ್ಸಾದವರಿಗೆ ಈ ಚಿಕಿತ್ಸೆಯನ್ನು ನಿರಾಕರಿಸಲಾಯಿತು. ಇಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಸರ್ಕಾರಿ ಆಸ್ಪತ್ರೆಗಳವರೆಗೂ ಬಂದಿರುವ ಡಯಾಲಿಸಿಸ್ ಯಂತ್ರಗಳು ಕೋಲ್ಫ್ ಅವರ ಮರದ ಉರುಳೆಯ ವಂಶಕ್ಕೆ ಸೇರಿದವು.

ಬಾಲ್ಯ ಮತ್ತು ಶಿಕ್ಷಣ

ಕೋಲ್ಫ್ ಅವರು ಲೈಡೆನ್ ನಗರದಲ್ಲಿ ಐವರು ಗಂಡುಮಕ್ಕಳಲ್ಲಿ ಹಿರಿಯರಾಗಿ ಹುಟ್ಟಿದರು. ತಂದೆ ಯಾಕೋಬ್ ಕೋಲ್ಫ್ ವೈದ್ಯರು. ಬೀಕ್‌ಬರ್ಗೆನ್ ಎಂಬಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವೊಂದರ ನಿರ್ದೇಶಕರಾಗಿದ್ದರು. ಔಷಧವಿಲ್ಲದ ಆ ಕಾಲದಲ್ಲಿ ಕ್ಷಯರೋಗಿಗಳು ಕಣ್ಣೆದುರೇ ಸಾಯುವುದನ್ನು ಕಂಡು ತಂದೆ ಪಡುತ್ತಿದ್ದ ಸಂಕಟವನ್ನು ಬಾಲಕ ಕೋಲ್ಫ್ ಮನೆಯಲ್ಲಿಯೇ ನೋಡುತ್ತ ಬೆಳೆದರು. ಜನರು ಸಾಯುವುದನ್ನು ನೋಡಬೇಕಾದ ಈ ವೃತ್ತಿ ತನಗೆ ಬೇಡವೆಂದು ಅವರು ಮೊದಲು ನಿಶ್ಚಯಿಸಿದ್ದರು. ಪ್ರಾಣಿಸಂಗ್ರಹಾಲಯದ ನಿರ್ದೇಶಕನಾಗಬೇಕೆಂಬ ಆಸೆ ಅವರದಾಗಿತ್ತು. ಇಡೀ ದೇಶದಲ್ಲಿ ಅಂಥ ಹುದ್ದೆಗಳು ಮೂರೇ ಇವೆಯೆಂದು ತಂದೆ ತಿಳಿಹೇಳಿದ ಮೇಲೆ ಆ ಆಸೆ ಕೈಬಿಟ್ಟಿತು. ಓದುವಾಗ ಅಕ್ಷರಗಳು ತೊಡಕುವ ಡಿಸ್ಲೆಕ್ಸಿಯಾ ತೊಂದರೆಯೂ ಅವರಿಗಿತ್ತು. ಬಡಗಿಯ ಬಳಿ ಕಲಿತ ಮರಗೆಲಸ ಮಾತ್ರ ಅವರಿಗೆ ಸಲೀಸಾಗಿ ಒಲಿಯಿತು. ಮುಂದಿನ ಕಥೆಯಲ್ಲಿ ಅದಕ್ಕೆ ಪಾತ್ರವಿದೆ.

1930ರಲ್ಲಿ ಲೈಡೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದರು. 1937ರಲ್ಲಿ ಯಾಂಕೆ ಹೌಡೆಕೋಪರ್ ಅವರನ್ನು ವಿವಾಹವಾದರು. ದಂಪತಿಗೆ ಐವರು ಮಕ್ಕಳು.

ಗ್ರೋನಿಂಗೆನ್: ಒಂದು ಸಾವು ಮತ್ತು ಒಂದು ಲೆಕ್ಕ

ಪದವಿಯ ನಂತರ ಕೋಲ್ಫ್ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಪ್ರೊ. ಪೊಲಾಕ್ ಡೇನಿಯಲ್ಸ್ ಅವರ ಕೈಕೆಳಗೆ ಸಹಾಯಕ ವೈದ್ಯರಾದರು. 1938ರಲ್ಲಿ ಅವರ ಜವಾಬ್ದಾರಿಗೆ ಬಂದ ಮೊದಲ ಕೆಲವು ರೋಗಿಗಳಲ್ಲಿ 22 ವರ್ಷದ ರೈತನ ಮಗನೊಬ್ಬನಿದ್ದ. ಎರಡೂ ಮೂತ್ರಪಿಂಡಗಳು ಕೆಟ್ಟು, ರಕ್ತದಲ್ಲಿ ಕಲ್ಮಶ ಏರಿ, ವಾಂತಿ ಮತ್ತು ತಲೆನೋವಿನಿಂದ ನರಳಿ, ದೃಷ್ಟಿಯೂ ಕುಂದಿ ಆತ ಕೊನೆಯುಸಿರೆಳೆದ. ಇದ್ದೊಬ್ಬ ಮಗ ಬದುಕುವುದಿಲ್ಲವೆಂಬ ಸುದ್ದಿಯನ್ನು ಹಳ್ಳಿಯಿಂದ ಬಂದಿದ್ದ ತಾಯಿಗೆ ತಿಳಿಸುವ ಕೆಲಸ ಕೋಲ್ಫ್ ಅವರ ಪಾಲಿಗೆ ಬಂತು.

ಆರೋಗ್ಯವಂತ ಮನುಷ್ಯನ ಮೂತ್ರಪಿಂಡಗಳು ದಿನಕ್ಕೆ ಹೊರಹಾಕುವ ಯೂರಿಯಾ ಸುಮಾರು 20 ಗ್ರಾಂ. ಅಷ್ಟನ್ನು ಬೇರೊಂದು ದಾರಿಯಿಂದ ತೆಗೆದುಹಾಕಿದ್ದರೆ ಹುಡುಗ ಬದುಕುತ್ತಿದ್ದನಲ್ಲವೇ ಎಂಬ ಸರಳ ಲೆಕ್ಕವೇ ಕೋಲ್ಫ್ ಅವರ ಸಂಶೋಧನೆಯ ಬೀಜ.

ಈ ಯೋಚನೆ ಸಂಪೂರ್ಣ ಹೊಸದಾಗಿರಲಿಲ್ಲ. ತೆಳುವಾದ ಪೊರೆಯ ಮೂಲಕ ಸಣ್ಣ ಅಣುಗಳು ಹಾದುಹೋಗಿ ದೊಡ್ಡವು ಉಳಿದುಕೊಳ್ಳುವ ಕ್ರಿಯೆಗೆ ಸ್ಕಾಟ್ಲೆಂಡ್‌ನ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ 1861ರಲ್ಲಿಯೇ ಡಯಾಲಿಸಿಸ್ ಎಂದು ಹೆಸರಿಟ್ಟಿದ್ದರು. 1913ರಲ್ಲಿ ಅಮೆರಿಕದ ಜಾನ್ ಏಬಲ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಇದನ್ನು ಪ್ರಯೋಗಿಸಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯಲು ಜಿಗಣೆಗಳಿಂದ ತೆಗೆದ ದ್ರವ್ಯವನ್ನು ಬಳಸಿದ್ದರು. ಜರ್ಮನಿಯ ಗಿಯೋರ್ಗ್ ಹಾಸ್ 1924ರಲ್ಲಿ ಮನುಷ್ಯರ ಮೇಲೂ ಪ್ರಯತ್ನಿಸಿದ್ದರು. ಆದರೆ ಅವುಗಳ ಪೊರೆ ತೀರ ಚಿಕ್ಕದು, ಹರಿಯುವ ರಕ್ತ ಕಡಮೆ. ರೋಗಿಯ ಸ್ಥಿತಿ ಬದಲಾಗುವಷ್ಟು ಕಲ್ಮಶ ಹೊರಬರುತ್ತಿರಲಿಲ್ಲ. ಕೋಲ್ಫ್ ಅವರ ಕಾಲಕ್ಕೆ ಎರಡು ವಸ್ತುಗಳು ಕೈಗೆಟುಕಿದ್ದವು: ಹೆಪ್ಪುಗಟ್ಟುವಿಕೆಯನ್ನು ತಡೆಯುವ ಹೆಪಾರಿನ್ ಮತ್ತು ಮಾಂಸದ ಸಾಸೇಜ್ ತುಂಬಲು ಬಳಸುತ್ತಿದ್ದ ಸೆಲ್ಲೋಫೇನ್ ಕೊಳವೆ. ಜೀವರಸಾಯನ ವಿಭಾಗದ ಪ್ರೊ. ಬ್ರಿಂಕ್‌ಮನ್ ಅವರು ಸೆಲ್ಲೋಫೇನಿನ ಗುಣವನ್ನು ವಿವರಿಸಿದ ಮೇಲೆ ಕೋಲ್ಫ್ ಒಂದು ತುಂಡು ಕೊಳವೆಯಲ್ಲಿ ಸ್ವಲ್ಪ ರಕ್ತ ಹಾಕಿ, ಅದರಲ್ಲಿ ಯೂರಿಯಾ ಬೆರೆಸಿ, ಉಪ್ಪುನೀರಿನಲ್ಲಿ ಅಲುಗಾಡಿಸಿ ನೋಡಿದರು. ಸ್ವಲ್ಪ ಹೊತ್ತಿನಲ್ಲಿಯೇ ಬಹುಪಾಲು ಯೂರಿಯಾ ನೀರಿಗೆ ಇಳಿದಿತ್ತು. ಇನ್ನು ಉಳಿದದ್ದು ಯಂತ್ರದ ಗಾತ್ರದ ಪ್ರಶ್ನೆ.

ಯುದ್ಧಕಾಲ ಮತ್ತು ಕಾಂಪೆನ್

1940ರ ಮೇ 10ರಂದು ಜರ್ಮನ್ ಸೇನೆ ನೆದರ್ಲೆಂಡ್ಸ್‌ಗೆ ನುಗ್ಗಿದಾಗ ಕೋಲ್ಫ್ ಅವರು ಕುಟುಂಬದ ಅಂತ್ಯಕ್ರಿಯೆಯೊಂದಕ್ಕೆಂದು ಹೇಗ್ ನಗರದಲ್ಲಿದ್ದರು. ಬಾಂಬುಗಳು ಬೀಳುತ್ತಿದ್ದಂತೆ ಅಲ್ಲಿನ ಮುಖ್ಯ ಆಸ್ಪತ್ರೆಗೆ ಹೋಗಿ, ರಕ್ತನಿಧಿ ಸ್ಥಾಪಿಸುವುದಾಗಿ ತಾವೇ ಮುಂದಾದರು. ನಾಲ್ಕೇ ದಿನಗಳಲ್ಲಿ ಅದು ಕೆಲಸ ಆರಂಭಿಸಿತು. ಯುರೋಪ್ ಮುಖ್ಯಭೂಮಿಯ ಮೊದಲ ರಕ್ತನಿಧಿ ಎಂದು ಅದನ್ನು ಪರಿಗಣಿಸಲಾಗುತ್ತದೆ. ಅದೇ ದಿನಗಳಲ್ಲಿ ಯಹೂದಿಯಾಗಿದ್ದ ಗುರು ಪೊಲಾಕ್ ಡೇನಿಯಲ್ಸ್ ಮತ್ತು ಅವರ ಪತ್ನಿ ಆತ್ಮಹತ್ಯೆ ಮಾಡಿಕೊಂಡರು. ಅವರ ಜಾಗಕ್ಕೆ ನಾಜಿ ಪಕ್ಷಪಾತಿಯೊಬ್ಬರು ಬಂದಾಗ ಕೋಲ್ಫ್ ಅವರ ಕೈಕೆಳಗೆ ದುಡಿಯಲು ಒಪ್ಪದೆ, 1941ರಲ್ಲಿ ಐಸೆಲ್ ನದಿಯ ದಡದ ಕಾಂಪೆನ್ ಎಂಬ ಪುಟ್ಟ ಪಟ್ಟಣದ ಪುರಸಭಾ ಆಸ್ಪತ್ರೆಗೆ ಹೊರಟುಹೋದರು.

ಕೃತಕ ಮೂತ್ರಪಿಂಡ ರೂಪುಗೊಂಡದ್ದು ಈ ಪಟ್ಟಣದ ಆಸ್ಪತ್ರೆಯಲ್ಲಿ, ಯಾವ ಸಂಶೋಧನಾಲಯದಲ್ಲೂ ಅಲ್ಲ. ಊರಿನ ಎನಾಮಲ್ ಪಾತ್ರೆ ಕಾರ್ಖಾನೆಯ ಮುಖ್ಯಸ್ಥ ಹೆಂಡ್ರಿಕ್ ಬೆರ್ಕ್ ಅವರು ನೆರವಿಗೆ ನಿಂತರು. ಯುದ್ಧದಿಂದಾಗಿ ಲೋಹ ದುರ್ಲಭವಾಗಿತ್ತು. ಆದ್ದರಿಂದ ಮರದ ಪಟ್ಟಿಗಳಿಂದ ದೊಡ್ಡ ಉರುಳೆಯೊಂದನ್ನು ಮಾಡಲಾಯಿತು. ಅದರ ಸುತ್ತ ಸುಮಾರು 20 ಮೀಟರ್ ಉದ್ದದ ಸೆಲ್ಲೋಫೇನ್ ಕೊಳವೆಯನ್ನು ಸುತ್ತಿ, ಉರುಳೆಯ ಕೆಳಭಾಗ ಉಪ್ಪುನೀರು ತುಂಬಿದ ಎನಾಮಲ್ ತೊಟ್ಟಿಯಲ್ಲಿ ಮುಳುಗಿರುವಂತೆ ಅಣಿಗೊಳಿಸಿದರು. ಉರುಳೆ ತಿರುಗಿದಂತೆ ರಕ್ತ ಕೊಳವೆಯಲ್ಲಿ ತಾನಾಗಿ ಮುಂದೆ ಸಾಗುತ್ತಿತ್ತು. ತಿರುಗುವ ಉರುಳೆಗೂ ನಿಂತ ಕೊಳವೆಗೂ ಸೋರದಂತೆ ಜೋಡಣೆ ಮಾಡುವುದು ಹೇಗೆಂಬುದು ಬಿಡಿಸಲಾಗದ ಗಂಟಾಗಿತ್ತು. ಫೋರ್ಡ್ ಮೋಟಾರು ಕಾರಿನ ನೀರಿನ ಪಂಪಿನಲ್ಲಿದ್ದ ಜೋಡಣೆಯಿಂದ ಅದಕ್ಕೆ ಪರಿಹಾರ ಸಿಕ್ಕಿತು.

1943ರ ಮಾರ್ಚ್‌ನಲ್ಲಿ ಮೊದಲ ರೋಗಿಗೆ ಚಿಕಿತ್ಸೆ ಆರಂಭವಾಯಿತು. ಆಕೆ ಇಪ್ಪತ್ತೊಂಬತ್ತರ ಹರೆಯದ ಯುವತಿ; ಕಾಯಿಲೆ ವಾಸಿಯಾಗದ ಹಂತ ತಲುಪಿತ್ತು. ಪ್ರತಿ ಸಲವೂ ಹೊಸ ರಕ್ತನಾಳವೊಂದನ್ನು ಕತ್ತರಿಸಿ ತೆರೆಯಬೇಕಾಗಿತ್ತು. ಹನ್ನೆರಡು ಸಲ ಡಯಾಲಿಸಿಸ್ ಆದ ಮೇಲೆ ತೆರೆಯಲು ನಾಳಗಳೇ ಉಳಿಯದೆ ಆಕೆ ತೀರಿಕೊಂಡಳು. ಯಂತ್ರ ರಕ್ತವನ್ನು ಶುದ್ಧಿ ಮಾಡುತ್ತದೆಂಬುದು ಸಾಬೀತಾಗಿತ್ತು, ಅದು ಜೀವ ಉಳಿಸುತ್ತದೆಂಬುದು ಆಗಿರಲಿಲ್ಲ. ನಂತರದ ರೋಗಿಗಳೂ ಒಬ್ಬರ ಹಿಂದೊಬ್ಬರಂತೆ ಸತ್ತರು. ಬದುಕಿದ ಒಬ್ಬರ ವಿಷಯದಲ್ಲಿಯೂ ಅದು ಯಂತ್ರದ ಫಲವೆಂದು ಹೇಳುವಂತಿರಲಿಲ್ಲ. ಎರಡೂವರೆ ವರ್ಷಗಳ ಈ ಸೋಲಿನ ಸರಣಿಯ ನಡುವೆಯೂ ಆಸ್ಪತ್ರೆಯ ಆಡಳಿತ ಪ್ರಯೋಗವನ್ನು ನಿಲ್ಲಿಸಲಿಲ್ಲವೆಂಬುದು ಗಮನಾರ್ಹ. ಇದೇ ಅವಧಿಯಲ್ಲಿ ಕೋಲ್ಫ್ ಅವರು ನಾಜಿಗಳ ಕಣ್ಣಿಗೆ ಬೀಳಬಾರದವರನ್ನು ರೋಗಿಗಳೆಂದು ತೋರಿಸಿ ಆಸ್ಪತ್ರೆಯಲ್ಲಿ ಅಡಗಿಸುತ್ತಿದ್ದರು.

ಸೋಫಿಯಾ ಶಾಫ್‌ಸ್ಟಾಟ್

1945ರ ಸೆಪ್ಟೆಂಬರ್ 11ರಂದು ಕೋಲ್ಫ್ ಅವರ ಬಳಿಗೆ ಹದಿನೇಳನೆಯ ರೋಗಿಯಾಗಿ ಬಂದವರು 67 ವರ್ಷದ ಸೋಫಿಯಾ ಶಾಫ್‌ಸ್ಟಾಟ್. ಪಿತ್ತಕೋಶದ ಸೋಂಕಿನೊಂದಿಗೆ ಮೂತ್ರಪಿಂಡಗಳು ಹಠಾತ್ತಾಗಿ ನಿಂತು ಆಕೆ ಪ್ರಜ್ಞೆ ಕಳೆದುಕೊಂಡಿದ್ದರು. ಯುದ್ಧ ಮುಗಿದು ನಾಲ್ಕು ತಿಂಗಳಾಗಿತ್ತು. ಆಕೆ ನಾಜಿಗಳೊಂದಿಗೆ ಕೈಜೋಡಿಸಿದವರೆಂಬ ಆಪಾದನೆಯ ಮೇಲೆ ಸೆರೆಯಲ್ಲಿದ್ದವರು. ಊರಿನಲ್ಲಿ ಆಕೆಯ ಬಗ್ಗೆ ಕನಿಕರವಿದ್ದವರು ವಿರಳ. ಗುರುವನ್ನು ನಾಜಿಗಳ ದೆಸೆಯಿಂದ ಕಳೆದುಕೊಂಡಿದ್ದ ಕೋಲ್ಫ್ ಅವರಿಗೆ ರೋಗಿಯ ವಯಸ್ಸಾಗಲಿ ಚರಿತ್ರೆಯಾಗಲಿ ಚಿಕಿತ್ಸೆ ನಿರಾಕರಿಸಲು ಕಾರಣವಾಗಲಿಲ್ಲ.

ಹನ್ನೊಂದೂವರೆ ಗಂಟೆಗಳ ಡಯಾಲಿಸಿಸ್‌ನ ನಂತರ ಆಕೆ ಕಣ್ಣು ತೆರೆದರು. ಗಂಡನಿಗೆ ವಿಚ್ಛೇದನ ಕೊಡುತ್ತೇನೆಂಬುದೇ ಅವರ ಮೊದಲ ಮಾತಾಗಿತ್ತೆಂದು ಕೋಲ್ಫ್ ಅವರು ಮುಂದೆ ನಗುತ್ತ ನೆನೆಯುತ್ತಿದ್ದರು. ಕೆಲವು ದಿನಗಳಲ್ಲಿ ಆಕೆಯ ಸ್ವಂತ ಮೂತ್ರಪಿಂಡಗಳೇ ಮತ್ತೆ ಕೆಲಸ ಆರಂಭಿಸಿದವು. ಆಕೆ ಮುಂದೆ ಹಲವು ವರ್ಷ ಬದುಕಿ, ಮೂತ್ರಪಿಂಡಕ್ಕೆ ಸಂಬಂಧಿಸದ ಕಾಯಿಲೆಯಿಂದ ತೀರಿಕೊಂಡರು.

ಮೊದಲ ಯುವತಿ ಬದುಕದೆ ಈ ವೃದ್ಧೆ ಬದುಕಿದ್ದಕ್ಕೆ ಕಾರಣ ಸ್ಪಷ್ಟ. ಆಕೆಯದು ಹಠಾತ್ ವೈಫಲ್ಯ. ಅಂಥ ಸಂದರ್ಭದಲ್ಲಿ ಮೂತ್ರಪಿಂಡ ಚೇತರಿಸಿಕೊಳ್ಳುವವರೆಗೆ ಕೆಲವು ದಿನ ದೇಹವನ್ನು ಕಾಪಾಡಿದರೆ ಸಾಕು. ಯುವತಿಯದು ದೀರ್ಘಕಾಲೀನ ವೈಫಲ್ಯ. ಅಲ್ಲಿ ಮೂತ್ರಪಿಂಡ ಮರಳಿ ಬರುವುದಿಲ್ಲ. ಫಲವನ್ನು ನಿರ್ಧರಿಸಿದ್ದು ರೋಗದ ಬಗೆ; ವಯಸ್ಸು ಅಲ್ಲ.

ಪ್ರಸಾರ

1946ರ ಜನವರಿಯಲ್ಲಿ ಕೋಲ್ಫ್ ಗ್ರೋನಿಂಗೆನ್ ವಿಶ್ವವಿದ್ಯಾಲಯಕ್ಕೆ ಕೃತಕ ಮೂತ್ರಪಿಂಡದ ಕುರಿತ ಪ್ರಬಂಧ ಸಲ್ಲಿಸಿ ಡಾಕ್ಟರೇಟ್ ಪಡೆದರು. ಅವರು ಯಂತ್ರಕ್ಕೆ ಪೇಟೆಂಟ್ ಪಡೆಯಲಿಲ್ಲ. ಕಾಂಪೆನ್‌ನಲ್ಲಿ ತಯಾರಿಸಿಟ್ಟಿದ್ದ ಯಂತ್ರಗಳನ್ನು ಲಂಡನ್, ನ್ಯೂಯಾರ್ಕ್, ಮಾಂಟ್ರಿಯಲ್ ಮೊದಲಾದ ಕಡೆಯ ಆಸ್ಪತ್ರೆಗಳಿಗೆ ಉಚಿತವಾಗಿ ಕಳುಹಿಸಿದರು. ನಕ್ಷೆಗಳನ್ನು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗ್ಹ್ಯಾಮ್ ಆಸ್ಪತ್ರೆಗೆ ಕೊಟ್ಟರು. ಅಲ್ಲಿ ಸುಧಾರಣೆಗೊಂಡ ಕೋಲ್ಫ್–ಬ್ರಿಗ್ಹ್ಯಾಮ್ ಯಂತ್ರ ಕೊರಿಯಾ ಯುದ್ಧದಲ್ಲಿ ಗಾಯಾಳು ಸೈನಿಕರ ಚಿಕಿತ್ಸೆಗೆ ಒದಗಿತು. ಸ್ವೀಡನ್ನಿನ ನಿಲ್ಸ್ ಆಲ್ವಾಲ್ ಅವರೂ ಇದೇ ಕಾಲದಲ್ಲಿ ಸ್ವತಂತ್ರವಾಗಿ ಇನ್ನೊಂದು ಬಗೆಯ ಯಂತ್ರವನ್ನು ರೂಪಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಕೋಲ್ಫ್ 1950ರಲ್ಲಿ ಅಮೆರಿಕಕ್ಕೆ ತೆರಳಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸೇರಿದರು. ಆಸ್ಟ್ರಿಯಾದ ಬ್ರೂನೋ ವಾಟ್‌ಶಿಂಗರ್ ಅವರೊಡನೆ 1950ರ ದಶಕದ ಮಧ್ಯದಲ್ಲಿ ಅಲ್ಲಿ ರೂಪಿಸಿದ ಜೋಡಿ ಸುರುಳಿಯ ಡಯಲೈಸರ್, ಒಮ್ಮೆ ಬಳಸಿ ಬಿಸಾಡಬಹುದಾದಂಥದು. ಅದರ ಮೊದಲ ಮಾದರಿಗಳನ್ನು ಹಣ್ಣಿನ ರಸದ ಖಾಲಿ ಡಬ್ಬಿಯ ಸುತ್ತ ಸುತ್ತಲಾಗಿತ್ತು. ಮುಂದೆ, ರೋಗಿಗಳು ಮನೆಯಲ್ಲಿಯೇ ಡಯಾಲಿಸಿಸ್ ಮಾಡಿಕೊಳ್ಳುವಂತಾಗಲಿ ಎಂದು ಬಟ್ಟೆ ಒಗೆಯುವ ಯಂತ್ರದ ತೊಟ್ಟಿಯನ್ನೇ ಬಳಸಿಯೂ ನೋಡಿದರು.

ವಯಸ್ಸಿನ ಗಡಿ

1960ರವರೆಗೆ ಡಯಾಲಿಸಿಸ್ ಹಠಾತ್ ವೈಫಲ್ಯಕ್ಕೆ ಮಾತ್ರ ಉಪಯುಕ್ತವಾಗಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರೋಗಿಯ ತೋಳಿನ ಅಪಧಮನಿ ಮತ್ತು ಅಭಿಧಮನಿಗಳಲ್ಲಿ ಶಾಶ್ವತವಾಗಿ ಉಳಿಯುವ ಟೆಫ್ಲಾನ್ ಕೊಳವೆಯನ್ನು ಅಳವಡಿಸಿದರು. ಕೋಲ್ಫ್ ಅವರ ಮೊದಲ ರೋಗಿಯನ್ನು ಬಲಿ ತೆಗೆದುಕೊಂಡಿದ್ದ ತೊಡಕು ಇದರಿಂದ ಬಗೆಹರಿದು, ದೀರ್ಘಕಾಲೀನ ವೈಫಲ್ಯದ ರೋಗಿಗಳೂ ವರ್ಷಗಟ್ಟಲೆ ಬದುಕುವುದು ಸಾಧ್ಯವಾಯಿತು.

ಕೂಡಲೇ ಹೊಸ ಸಮಸ್ಯೆ ಎದುರಾಯಿತು. ಯಂತ್ರಗಳು ಕೆಲವೇ, ರೋಗಿಗಳು ಬಹಳ. ಸಿಯಾಟಲ್‌ನಲ್ಲಿ ಯಾರಿಗೆ ಚಿಕಿತ್ಸೆ ಸಿಗಬೇಕೆಂದು ತೀರ್ಮಾನಿಸಲು ಊರಿನ ಕೆಲವು ಅನಾಮಧೇಯ ನಾಗರಿಕರ ಸಮಿತಿಯನ್ನು ನೇಮಿಸಲಾಯಿತು. ಅದರ ಮುಂದೆ ಬರುವುದಕ್ಕೇ ರೋಗಿಯ ವಯಸ್ಸು 45ರೊಳಗಿರಬೇಕಿತ್ತು. 67ರ ಸೋಫಿಯಾ ಶಾಫ್‌ಸ್ಟಾಟ್ ಅಲ್ಲಿ ಅರ್ಜಿ ಹಾಕಿದ್ದರೆ ಒಳಗೆ ಕಾಲಿಡುವಂತಿರಲಿಲ್ಲ. ಬ್ರಿಟನ್ನಿನಲ್ಲಿಯೂ ದಶಕಗಳ ಕಾಲ ಹಿರಿಯರನ್ನು ಡಯಾಲಿಸಿಸ್‌ಗೆ ಕಳುಹಿಸದಿರುವುದೇ ರೂಢಿಯಾಗಿತ್ತು. ಅಮೆರಿಕದಲ್ಲಿ 1972ರ ಕಾನೂನು ಮೂತ್ರಪಿಂಡ ವೈಫಲ್ಯದ ಬಹುತೇಕ ಎಲ್ಲ ರೋಗಿಗಳ ವೆಚ್ಚವನ್ನು ಮೆಡಿಕೇರ್ ಯೋಜನೆಗೆ ಸೇರಿಸಿದ ಮೇಲೆ ಈ ಗಡಿ ಅಲ್ಲಿ ಕುಸಿಯಿತು. ಈಗ ಆ ದೇಶದಲ್ಲಿ ಹೊಸದಾಗಿ ಡಯಾಲಿಸಿಸ್ ಆರಂಭಿಸುವವರಲ್ಲಿ ಸುಮಾರು ಅರ್ಧದಷ್ಟು ಜನ 65ರ ಆಸುಪಾಸು ದಾಟಿದವರು.

ಭಾರತದಲ್ಲಿ ಹಿರಿಯ ವಯಸ್ಸಿನ ಡಯಾಲಿಸಿಸ್ ಎಂಬುದು ಜನಸಾಮಾನ್ಯರ ಗಮನಕ್ಕೆ ಬಂದದ್ದು ಜಯಪ್ರಕಾಶ ನಾರಾಯಣ ಅವರಿಂದ. ತುರ್ತು ಪರಿಸ್ಥಿತಿಯಲ್ಲಿ ಬಂಧನದಲ್ಲಿದ್ದಾಗ ಅವರ ಮೂತ್ರಪಿಂಡಗಳು ಕೆಟ್ಟವು. 1975ರ ನವೆಂಬರ್‌ನಲ್ಲಿ ಬಿಡುಗಡೆಯಾದ ಅವರನ್ನು ಮುಂಬಯಿಯ ಜಸ್ಲೋಕ್ ಆಸ್ಪತ್ರೆಗೆ ಸೇರಿಸಲಾಯಿತು. ಆಗ ಅವರಿಗೆ 73 ವರ್ಷ. 1979ರ ಅಕ್ಟೋಬರ್ 8ರಂದು ನಿಧನರಾಗುವವರೆಗೆ ಅವರು ಡಯಾಲಿಸಿಸ್ ಆಸರೆಯಲ್ಲಿಯೇ ಬದುಕಿದರು. 1977ರ ಚುನಾವಣೆಯೂ ಜನತಾ ಪಕ್ಷದ ರಚನೆಯೂ ನಡೆದದ್ದು ಈ ನಾಲ್ಕು ವರ್ಷಗಳೊಳಗೆ.

ಯೂಟಾ ಮತ್ತು ಕೊನೆಯ ವರ್ಷಗಳು

1967ರಲ್ಲಿ ಕೋಲ್ಫ್ ಸಾಲ್ಟ್ ಲೇಕ್ ಸಿಟಿಯ ಯೂಟಾ ವಿಶ್ವವಿದ್ಯಾಲಯಕ್ಕೆ ಬಂದು ಕೃತಕ ಅಂಗಗಳ ವಿಭಾಗವನ್ನು ಕಟ್ಟಿದರು. ಕ್ಲೀವ್‌ಲ್ಯಾಂಡ್‌ನಲ್ಲಿದ್ದಾಗ, 1957ರಲ್ಲಿ, ಟೆಟ್ಸುಜೊ ಅಕುಟ್ಸು ಅವರೊಡನೆ ನಾಯಿಯೊಂದಕ್ಕೆ ಕೃತಕ ಹೃದಯ ಅಳವಡಿಸಿ ಸುಮಾರು ಒಂದೂವರೆ ಗಂಟೆ ಬದುಕಿಸಿದ್ದ ಕೆಲಸ ಇಲ್ಲಿ ಮುಂದುವರಿಯಿತು. 1982ರ ಡಿಸೆಂಬರ್ 2ರಂದು ಶಸ್ತ್ರವೈದ್ಯ ವಿಲಿಯಂ ಡಿವ್ರೀಸ್ ಅವರು ಬಾರ್ನಿ ಕ್ಲಾರ್ಕ್ ಎಂಬ 61 ವರ್ಷದ ದಂತವೈದ್ಯರಿಗೆ ಜಾರ್ವಿಕ್-7 ಹೃದಯವನ್ನು ಜೋಡಿಸಿದರು. ಕ್ಲಾರ್ಕ್ 112 ದಿನ ಬದುಕಿದರು. ಬದುಕು ಸಹಿಸಲಸಾಧ್ಯವೆನಿಸಿದರೆ ಯಂತ್ರವನ್ನು ನಿಲ್ಲಿಸಲು ಅವರ ಕೈಗೆ ಒಂದು ಕೀಲಿಯನ್ನೂ ಕೊಡಲಾಗಿತ್ತು. ಯಂತ್ರ ಯಾವಾಗ ನಿಲ್ಲಬೇಕೆಂಬುದನ್ನು ರೋಗಿಯೇ ಹೇಳಬೇಕು ಎಂಬ ಈ ನಿಲುವು ಕೋಲ್ಫ್ ಅವರದೂ ಆಗಿತ್ತು. ಇಳಿವಯಸ್ಸಿನ ಮೂತ್ರಪಿಂಡ ಚಿಕಿತ್ಸೆಯಲ್ಲಿ ಈಗ ನಡೆಯುವ ಚರ್ಚೆಗೂ ಅದೇ ನೆಲೆ.

ಅವರಿಗೆ 1986ರಲ್ಲಿ ಜಪಾನ್ ಪ್ರಶಸ್ತಿ ಬಂದಿತು. 2002ರಲ್ಲಿ ಸ್ಕ್ರಿಬ್ನರ್ ಅವರೊಂದಿಗೆ ಲಾಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡರು. ನೊಬೆಲ್ ಮಾತ್ರ ದೊರೆಯಲಿಲ್ಲ. 2009ರ ಫೆಬ್ರವರಿ 11ರಂದು, 98 ತುಂಬಲು ಮೂರು ದಿನವಿರುವಾಗ, ಪೆನ್ಸಿಲ್ವೇನಿಯಾದಲ್ಲಿ ನಿಧನರಾದರು.

ಹಾವೇರಿ ಸೀಮೆಯಲ್ಲಿ ಡಯಾಲಿಸಿಸ್

ಕೋಲ್ಫ್ ಅವರು ದೊಡ್ಡ ನಗರವನ್ನು ಬಿಟ್ಟು ಸಣ್ಣ ಪಟ್ಟಣದಲ್ಲಿ ಯಂತ್ರ ಕಟ್ಟಿದರೂ, ಕರ್ನಾಟಕದಲ್ಲಿ ಆ ಯಂತ್ರ ಸಣ್ಣ ಊರುಗಳನ್ನು ತಲುಪಲು ಬಹಳ ಕಾಲ ಹಿಡಿಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ದಾವಣಗೆರೆ ರೈಲುಮಾರ್ಗದ ಮೇಲಿನ ಊರುಗಳು. ದೊಡ್ಡ ಕಾಯಿಲೆ ಬಂದರೆ ಉತ್ತರಕ್ಕೆ ಹುಬ್ಬಳ್ಳಿಗೋ ದಕ್ಷಿಣಕ್ಕೆ ದಾವಣಗೆರೆಗೋ ಹೋಗುವುದು ಇಲ್ಲಿನ ಹಳೆಯ ವಾಡಿಕೆ. ಒಂದು ಕಡೆ 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು, ಇನ್ನೊಂದು ಕಡೆ 1965ರಲ್ಲಿ ಆರಂಭವಾದ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು. ಒಮ್ಮೆ ಹೋಗಿ ಬರುವ ಕಾಯಿಲೆಗೆ ಇದು ನಡೆಯುತ್ತದೆ, ಡಯಾಲಿಸಿಸ್‌ಗೆ ನಡೆಯುವುದಿಲ್ಲ. ಈ ಚಿಕಿತ್ಸೆ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್. ಮೂರು ಸಲ ಹೋಗಿಬಂದರೆ ವಾರಕ್ಕೆ 450 ಕಿಲೋಮೀಟರ್. ಚಿಕಿತ್ಸೆ ಮುಗಿದೊಡನೆ ರಕ್ತದೊತ್ತಡ ಇಳಿದು ಸುಸ್ತಾಗುವ ಎಪ್ಪತ್ತರ ಅಜ್ಜನಿಗೆ ಇಷ್ಟು ದೂರದ ಬಸ್ಸು ಪ್ರಯಾಣವೇ ಇನ್ನೊಂದು ಕಾಯಿಲೆ. ಜೊತೆಗೆ ಬರುವ ಮಗ ಅಥವಾ ಸೊಸೆ ವಾರದಲ್ಲಿ ಮೂರು ದಿನದ ದುಡಿಮೆ ಬಿಡಬೇಕು. ಸಿಯಾಟಲ್‌ನಲ್ಲಿ ನಿಯಮವಾಗಿ ಬರೆದಿಟ್ಟಿದ್ದ ವಯಸ್ಸಿನ ಗಡಿ ಇಲ್ಲಿ ಯಾರೂ ಬರೆಯದೆಯೇ, ದೂರ ಮತ್ತು ಖರ್ಚಿನ ರೂಪದಲ್ಲಿ ಜಾರಿಯಲ್ಲಿತ್ತು.

2016ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೇವೆಯನ್ನು ಒದಗಿಸುವ ಗುರಿ ಹೊಂದಿತ್ತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಘಟಕಗಳು ತೆರೆದವು. ಇದರಿಂದ ಬ್ಯಾಡಗಿ ತಾಲ್ಲೂಕಿನ ರೋಗಿಗೆ ಚಿಕಿತ್ಸೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರುವಷ್ಟು ಹತ್ತಿರವಾಯಿತು.

ಘಟಕವೊಂದು ನಡೆಯಲು ಯಂತ್ರಕ್ಕಿಂತ ಮೊದಲು ಬೇಕಾದದ್ದು ನೀರು. ಈಗಿನ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಇದು ರೋಗಿಯ ರಕ್ತದೊಂದಿಗೆ ಪೊರೆಯೊಂದರ ಅಂತರದಲ್ಲಿ ಹರಿಯುವುದರಿಂದ ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ಬಳಸುವಂತಿಲ್ಲ. ಆರ್.ಒ. ಶುದ್ಧೀಕರಣ ಘಟಕ ಕೆಟ್ಟ ದಿನ ಎಲ್ಲ ಯಂತ್ರಗಳೂ ನಿಂತಂತೆಯೇ.

ಹಿರಿಯರ ವಿಷಯದಲ್ಲಿ ಇನ್ನೂ ಕೆಲವು ತೊಡಕುಗಳಿವೆ. ವಯಸ್ಸಾದಂತೆ ಸ್ನಾಯು ಕರಗುವುದರಿಂದ ರಕ್ತದ ಕ್ರಿಯಾಟಿನಿನ್ ಪ್ರಮಾಣ ಸಹಜವೆಂಬಂತೆ ತೋರುತ್ತಲೇ ಮೂತ್ರಪಿಂಡದ ಶಕ್ತಿ ಅರ್ಧಕ್ಕಿಳಿದಿರಬಹುದು. ಹೊಲದಲ್ಲಿ ಬಾಗಿ ದುಡಿದು ಮೊಣಕಾಲು, ಸೊಂಟ ಹಿಡಿದವರು ಔಷಧಿ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹಾನಿಕರ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದ್ದವರಿಗೆ ಈ ಹಾನಿ ಇಮ್ಮಡಿಯಾಗುತ್ತದೆ. ಡಯಾಲಿಸಿಸ್‌ಗಾಗಿ ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಮುದಿ ನಾಳಗಳಲ್ಲಿ ಬಲಿಯಲು ತಿಂಗಳುಗಳೇ ಬೇಕಾಗಬಹುದು; ಕೆಲವರಲ್ಲಿ ಬಲಿಯುವುದೇ ಇಲ್ಲ. ಬೇರೆ ಅಂಗಗಳೂ ಸೋತಿರುವ ಎಂಬತ್ತು ದಾಟಿದವರಿಗೆ ಯಂತ್ರವಿಲ್ಲದೆ ಔಷಧ, ಆಹಾರ ನಿಯಮ ಮತ್ತು ನೋವು ಶಮನದಿಂದಲೇ ನೋಡಿಕೊಳ್ಳುವ ಕ್ರಮವೂ ಅಂಗೀಕೃತ ಚಿಕಿತ್ಸೆಯೇ. ಅದನ್ನು ಆರಿಸಿಕೊಳ್ಳಬೇಕಾದದ್ದು ರೋಗಿ. ಆದರೆ ನಮ್ಮ ಮನೆಗಳಲ್ಲಿ ಆ ಮಾತುಕತೆ ಸಾಮಾನ್ಯವಾಗಿ ವಾರ್ಡಿನ ಹೊರಗೆ, ಮಕ್ಕಳು ಮತ್ತು ವೈದ್ಯರ ನಡುವೆಯೇ ನಡೆದುಹೋಗುತ್ತದೆ.